ಹಣದುಬ್ಬರದ ಸುದ್ದಿಯಲ್ಲಿ ಅರ್ಧ ಹೋದ ವರ್ಷದ್ದು

2025ರ ನವೆಂಬರ್ 12ರ ಸಂಜೆ ಕೇಂದ್ರದ ಅಂಕಿಅಂಶ ಸಚಿವಾಲಯ ಒಂದು ಸಂಖ್ಯೆ ಹೊರಬಿಟ್ಟಿತು. ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 0.25. 2012ನ್ನು ಮೂಲ ವರ್ಷ ಮಾಡಿಕೊಂಡ ಆ ಲೆಕ್ಕದ ಸರಣಿ ಶುರುವಾದ ಮೇಲೆ ಇಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ. ಆಹಾರದ ಬೆಲೆಯಂತೂ ಸೊನ್ನೆಗಿಂತ ಕೆಳಗೆ, ಮೈನಸ್ 5.02. ಹಳ್ಳಿಗಳ ಒಟ್ಟು ಹಣದುಬ್ಬರವೂ ಮೈನಸ್ 0.25.

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಯಾರೋ ಆ ಸುದ್ದಿ ಹಾಕಿದರು. ಐದೇ ನಿಮಿಷಕ್ಕೆ ಚಿಕ್ಕಮ್ಮನ ಉತ್ತರ ಬಂತು: "ಯಾವ ಅಂಗಡೀಲಿ ಇಳಿದಿದೆ ಅಂತ ವಿಳಾಸ ಹಾಕ್ರಪ್ಪ, ಚೀಲ ತಗೊಂಡು ಹೋಗ್ತೀನಿ."

ಎಲ್ಲರೂ ನಕ್ಕರು. ಸರ್ಕಾರ ಸುಳ್ಳು ಹೇಳ್ತಿದೆ ಅಂತ ಇಬ್ಬರು ಬರೆದರು. ನನಗನ್ನಿಸಿದ್ದು ಬೇರೆ. ಸಚಿವಾಲಯದ ಲೆಕ್ಕ ಸರಿ ಇದೆ. ಚಿಕ್ಕಮ್ಮನ ಲೆಕ್ಕವೂ ಸರಿ ಇದೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ, ಅಷ್ಟೇ. ಚಿಕ್ಕಮ್ಮ ಹೇಳುತ್ತಿರುವುದು ಬೆಲೆ ಎಷ್ಟಿದೆ ಅಂತ. ಸಚಿವಾಲಯ ಹೇಳುತ್ತಿರುವುದು ಹೋದ ವರ್ಷ ಇದೇ ತಿಂಗಳಿಗೂ ಈ ತಿಂಗಳಿಗೂ ಎಷ್ಟು ವ್ಯತ್ಯಾಸ ಅಂತ. ಈ "ಹೋದ ವರ್ಷ ಇದೇ ತಿಂಗಳು" ಅನ್ನುವ ಮಾತನ್ನು ಟಿವಿಯವರು ನುಂಗಿಬಿಡುತ್ತಾರೆ. ಎಡವಟ್ಟು ಆಗುವುದು ಅಲ್ಲಿಯೇ.

ಈ ಹಣದುಬ್ಬರವನ್ನು ಲೆಕ್ಕ ಹಾಕುವುದು ಒಂದು ಸೂಚ್ಯಂಕದಿಂದ. ಅದು ಏನು ಅಂತ ಒಮ್ಮೆ ನೋಡೋಣ. ಒಂದು ಬುಟ್ಟಿ ಇದೆ ಅಂದುಕೊಳ್ಳಿ. ಅದರಲ್ಲಿ ಅಕ್ಕಿ, ಹಾಲು, ತರಕಾರಿ, ಬಟ್ಟೆ, ಮನೆ ಬಾಡಿಗೆ, ಬಸ್ ಚಾರ್ಜು, ಡಾಕ್ಟರ್ ಫೀಸು ಎಲ್ಲಾ ಇವೆ. 2012ರಲ್ಲಿ ಆ ಬುಟ್ಟಿಗೆ 100 ರೂಪಾಯಿ ಅಂತ ಇಟ್ಟುಕೊಂಡರು. ಆಮೇಲೆ ದೇಶದ 1,114 ನಗರ ಮಾರುಕಟ್ಟೆಗಳಲ್ಲಿ, 1,181 ಹಳ್ಳಿಗಳಲ್ಲಿ ಪ್ರತಿ ತಿಂಗಳೂ ಬೆಲೆ ಬರೆದುಕೊಂಡು ಬಂದರು. ಅದೇ ಬುಟ್ಟಿಗೆ ಆ ತಿಂಗಳು ಎಷ್ಟು ರೂಪಾಯಿ ಅನ್ನುವುದೇ ಸೂಚ್ಯಂಕ. ಹಳ್ಳಿಗಳಲ್ಲಿ ಶುರುವಿನ ವರ್ಷಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಅಂಚೆ ಇಲಾಖೆಯವರು. ಕಾಗದ ಹಂಚುವ ಕೈಗಳೇ ಅಕ್ಕಿ ಬೇಳೆಯ ರೇಟನ್ನೂ ಬರೆಯುತ್ತಿದ್ದವು.

ಈಗ ಮೂರು ಅಕ್ಟೋಬರ್‌ಗಳ ಸೂಚ್ಯಂಕ ಪಕ್ಕಪಕ್ಕ ಇಡಿ. 2023ರಲ್ಲಿ 185.3. 2024ರಲ್ಲಿ 196.8. 2025ರಲ್ಲಿ 197.3. ಮೊದಲ ವರ್ಷ ಶೇ 6.21 ಏರಿಕೆ, ಎರಡನೇ ವರ್ಷ ಶೇ 0.25. ಅಂದರೆ 2025ರಲ್ಲಿ ಬೆಲೆ ಇಳಿಯಲಿಲ್ಲ. 2024ರಲ್ಲಿ ಏರಿ ಕೂತ ಜಾಗದಲ್ಲೇ ಕೂತಿತ್ತು. ಚಿಕ್ಕಮ್ಮ ನೋಡುತ್ತಿರುವುದು 197.3ನ್ನು. 2012ರಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ಚೀಲಕ್ಕೆ 2025ರ ಅಕ್ಟೋಬರ್‌ನಲ್ಲಿ 197 ರೂಪಾಯಿ ಬೇಕಿತ್ತು. ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಮಾತ್ರ 0.25.

ಎರಡೂ ವರ್ಷ ಸೇರಿಸಿ ನೋಡಿದರೆ ಏರಿಕೆ ಸುಮಾರು ಶೇ 6.5. ವರ್ಷಕ್ಕೆ ಶೇ 3ಕ್ಕಿಂತ ಸ್ವಲ್ಪ ಜಾಸ್ತಿ. ಇದು ಗಾಬರಿ ಬೀಳುವ ಸಂಖ್ಯೆಯೂ ಅಲ್ಲ, ಹಬ್ಬ ಮಾಡುವ ಸಂಖ್ಯೆಯೂ ಅಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ಜನ ಗಾಬರಿ ಬಿದ್ದರು, 2025ರಲ್ಲಿ ಸರ್ಕಾರದವರು ಹಬ್ಬ ಮಾಡಿದರು.

ಈ ಆಟ ಅತಿ ಸ್ಪಷ್ಟವಾಗಿ ಕಾಣುವುದು ತರಕಾರಿಯಲ್ಲಿ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ 42ರಷ್ಟು ಮೇಲೇರಿತ್ತು. 2025ರ ಅಕ್ಟೋಬರ್‌ನಲ್ಲಿ ಶೇ 27.57ರಷ್ಟು ಇಳಿಯಿತು. ಕಾಲು ಭಾಗಕ್ಕಿಂತ ಜಾಸ್ತಿ ಇಳಿಕೆ! ಕೇಳಿದರೆ ತರಕಾರಿ ಬಿಟ್ಟಿ ಸಿಗುತ್ತಿದೆ ಅನ್ನಿಸಬೇಕು. ಒಂದು ಕಾಗದ ತಗೊಂಡು ಲೆಕ್ಕ ಹಾಕಿ. 2023ರಲ್ಲಿ 100 ರೂಪಾಯಿ ತರಕಾರಿ. ಮರುವರ್ಷ 142. ಅದರಲ್ಲಿ ಶೇ 27.57 ಕಳೆದರೆ 103. ಎರಡು ವರ್ಷದ ಹಿಂದಿನ ಬೆಲೆಗೆ ಬಂದು ನಿಂತಿತು, ಮೇಲೆ ಮೂರು ರೂಪಾಯಿ. ನಡುವಿನ ಒಂದು ಕೆಟ್ಟ ವರ್ಷ ಮುಗಿಯಿತು ಅನ್ನಬಹುದು. ಅಗ್ಗ ಆಯಿತು ಅನ್ನುವುದು ಸ್ವಲ್ಪ ಕಷ್ಟ.

ಇದನ್ನು ಅರ್ಥಶಾಸ್ತ್ರದವರು ಬೇಸ್ ಎಫೆಕ್ಟ್ ಅನ್ನುತ್ತಾರೆ. ನಾನು ಹೋದ ವರ್ಷದ ನೆರಳು ಅನ್ನುತ್ತೇನೆ. ಪಕ್ಕದಲ್ಲಿ ತುಂಬಾ ಎತ್ತರದವರು ನಿಂತರೆ ನಾವು ಕುಳ್ಳಗೆ ಕಾಣುತ್ತೇವೆ ಅಲ್ವಾ, ಹಾಗೆ.

ನೆರಳು ಎಷ್ಟು ಮೋಸ ಮಾಡಬಲ್ಲದು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ 2024ರ ಜುಲೈ. ಆ ತಿಂಗಳ ಹಣದುಬ್ಬರ ಶೇ 3.54 ಅಂತ ಬಂತು. ಜೂನ್‌ನಲ್ಲಿ ಅದು 5.08 ಇತ್ತು. ಒಂದೇ ತಿಂಗಳಲ್ಲಿ ಒಂದೂವರೆ ಅಂಶ ಇಳಿಕೆ. ರಿಸರ್ವ್ ಬ್ಯಾಂಕಿನ ಗುರಿಯಾದ ಶೇ 4ಕ್ಕಿಂತ ಕೆಳಗೆ ಬಂತು ಅಂತ ಎಲ್ಲೆಡೆ ಸುದ್ದಿ. ಆದರೆ ಆ ಜೂನ್‌ನಿಂದ ಜುಲೈಗೆ ಸೂಚ್ಯಂಕ ಇಳಿಯಿತೇ? ಇಲ್ಲ. 190.2 ಇದ್ದದ್ದು 192.9ಕ್ಕೆ ಹಾರಿತು. ಒಂದೇ ತಿಂಗಳಲ್ಲಿ ಶೇ 1.4 ಏರಿಕೆ. ಇದು ಸಣ್ಣ ಏರಿಕೆ ಅಲ್ಲ. ಇದೇ ವೇಗ ವರ್ಷಪೂರ್ತಿ ನಡೆದರೆ ಏರಿಕೆ ಶೇ 18 ದಾಟುತ್ತದೆ. ಅಂದರೆ ಅಂಗಡಿಯಲ್ಲಿ ಬೆಲೆ ಜೋರಾಗಿ ಏರಿದ ತಿಂಗಳಲ್ಲೇ ಹಣದುಬ್ಬರ ಇಳಿದಿದೆ ಅಂತ ಸುದ್ದಿ ಬಂತು. ಎರಡೂ ನಿಜ!

ಯಾಕೆ ಹೀಗೆ? ಉತ್ತರ ಕೋಲಾರದಲ್ಲಿದೆ.

2023ರ ಜುಲೈ ನೆನಪಿದೆಯಾ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ಕಾವಲು ಹಾಕಿದರು. ಲಾರಿಗಳು ಕಳುವಾದ ಸುದ್ದಿ ಬಂತು. ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಟೊಮೆಟೊ ಕೊಂಡು ದೆಹಲಿಯ ಬೀದಿಗಳಲ್ಲಿ ಕೆಜಿಗೆ 90 ರೂಪಾಯಿಯಂತೆ ಮಾರಿಸಿತು. ದೇಶದ ಸರಾಸರಿಯಲ್ಲೂ ಟೊಮೆಟೊ ಬೆಲೆ ಒಂದು ವರ್ಷದ ಹಿಂದಿನದಕ್ಕಿಂತ ಸುಮಾರು ಮೂರು ಪಟ್ಟು ಆಗಿತ್ತು. ಬುಟ್ಟಿಯಲ್ಲಿ ಟೊಮೆಟೊದ ತೂಕ ಆಗ ಶೇ 0.57 ಮಾತ್ರ. ನೂರು ರೂಪಾಯಿಯಲ್ಲಿ 57 ಪೈಸೆ. ಆ 57 ಪೈಸೆ ಮುಂದೆ ನಿಂತು, ಉಳಿದ ತರಕಾರಿಗಳೂ ಹಿಂದೆ ಸೇರಿಕೊಂಡು, ಸೂಚ್ಯಂಕವನ್ನು ಒಂದೇ ತಿಂಗಳಲ್ಲಿ 181.0ರಿಂದ 186.3ಕ್ಕೆ ಎತ್ತಿ ಹಾಕಿದವು. ಹಣದುಬ್ಬರ ಶೇ 7.44 ಆಯಿತು.

ಆ 186.3 ಅನ್ನುವ ಗುಡ್ಡವೇ 2024ರ ಜುಲೈ ಪಕ್ಕದಲ್ಲಿ ನಿಂತಿತ್ತು. ಅದರ ಮುಂದೆ 192.9 ಸಣ್ಣದಾಗಿ ಕಂಡಿತು. 2024ರ ಜುಲೈನಲ್ಲಿ ಏನೂ ಒಳ್ಳೆಯದು ಆಗಿರಲಿಲ್ಲ. 2023ರ ಜುಲೈನಲ್ಲಿ ಕೆಟ್ಟದ್ದು ಆಗಿತ್ತು.

ಹಾಗಾದರೆ ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಆಗಲ್ವಾ ಅಂತ ನೀವು ಕೇಳಬಹುದು. ಅದರಲ್ಲೂ ಒಂದು ಗುಂಡಿ ಇದೆ. ಮಳೆಗಾಲ ಶುರುವಾಗುವಾಗ ತರಕಾರಿ ಏರುವುದು, ಚಳಿಗಾಲದಲ್ಲಿ ಅವರೆ, ಕ್ಯಾರೆಟ್, ಕೋಸು ರಾಶಿ ಬಿದ್ದಾಗ ಇಳಿಯುವುದು ಪ್ರತಿ ವರ್ಷದ ನಡೆ. ಜುಲೈಯನ್ನು ಜೂನ್ ಜೊತೆ ಹೋಲಿಸಿದರೆ ಯಾವಾಗಲೂ ಗಾಬರಿ. ಜನವರಿಯನ್ನು ಡಿಸೆಂಬರ್ ಜೊತೆ ಹೋಲಿಸಿದರೆ ಹೆಚ್ಚಿನ ವರ್ಷ ನೆಮ್ಮದಿ. ಜುಲೈಯನ್ನು ಜುಲೈ ಜೊತೆ ಹೋಲಿಸುವ ಪದ್ಧತಿ ಬಂದದ್ದು ಈ ಕಾರಣಕ್ಕೆ. ಅದು ತಪ್ಪಲ್ಲ. ನಾನು ಮಾಡುವುದು ಇಷ್ಟೇ: ಮುಖ್ಯ ಸಂಖ್ಯೆ ಬಂದ ಕೂಡಲೇ ಹಿಂದಿನ ವರ್ಷ ಅದೇ ತಿಂಗಳ ಸಂಖ್ಯೆ ಹುಡುಕುತ್ತೇನೆ. ಅದು 7ರ ಆಸುಪಾಸು ಇದ್ದರೆ ಈ ವರ್ಷದ ಇಳಿಕೆಯನ್ನು ಅರ್ಧ ಮಾತ್ರ ನಂಬುತ್ತೇನೆ. 1ರ ಆಸುಪಾಸು ಇದ್ದರೆ ಈ ವರ್ಷದ ಏರಿಕೆಯನ್ನೂ ಅರ್ಧವೇ ನಂಬುತ್ತೇನೆ.

ಚಿಕ್ಕಮ್ಮನ ಸಿಟ್ಟಿಗೆ ನೆರಳು ಒಂದೇ ಕಾರಣ ಅಲ್ಲ. ಅವರ ಬುಟ್ಟಿಯೂ ಬೇರೆ.

ದೇಶದ ಬುಟ್ಟಿಯಲ್ಲಿ ಶಿಕ್ಷಣದ ತೂಕ ಶೇ 4.46 ಇತ್ತು. ಇಬ್ಬರು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಯಾವ ಮನೆಯಲ್ಲಿ ಸ್ವಾಮಿ, ನೂರಕ್ಕೆ ನಾಲ್ಕೂವರೆ ರೂಪಾಯಿ ಫೀಸಿಗೆ ಹೋಗುತ್ತದೆ? ಆದರೆ ಶಾಲೆಗೆ ಹೋಗುವ ಮಕ್ಕಳೇ ಇಲ್ಲದ ಮನೆಗಳಿವೆ. ಸರ್ಕಾರಿ ಶಾಲೆಗೆ ಕಳಿಸುವ ಮನೆಗಳಿವೆ. ಎಲ್ಲವನ್ನೂ ಕಲೆಸಿದರೆ ನಾಲ್ಕೂವರೆ ಬರುತ್ತದೆ. ಸರಾಸರಿ ಮನೆ ಅನ್ನುವುದು ಯಾರ ಮನೆಯೂ ಅಲ್ಲ. ಅಕ್ಟೋಬರ್‌ನ 0.25ರಲ್ಲಿ ತರಕಾರಿ ಜೋರಾಗಿ ಕೆಳಗೆಳೆದಿತ್ತು. ಅಡುಗೆ ಎಣ್ಣೆ, ಕೊಬ್ಬಿನ ಗುಂಪು ಶೇ 11ರಷ್ಟು ಮೇಲೇರಿತ್ತು. ಆಹಾರ ಮತ್ತು ಇಂಧನ ತೆಗೆದು ಉಳಿದದ್ದನ್ನು ನೋಡಿದರೆ ಏರಿಕೆ ಶೇ 4ರ ಮೇಲಿತ್ತು. ತಿಂಗಳ ಖರ್ಚಿನಲ್ಲಿ ಫೀಸು, ಬಾಡಿಗೆ, ಔಷಧಿ ಜಾಸ್ತಿ ಇರುವ ಮನೆಯವರಿಗೆ ಟೊಮೆಟೊ ಇಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಬಾಡಿಗೆಯದು ಇನ್ನೊಂದು ಕತೆ. ಅಂಕಿಅಂಶದವರು ಆಯ್ದ ಮನೆಗಳಿಗೆ ಆರು ತಿಂಗಳಿಗೊಮ್ಮೆ ಹೋಗಿ ಬಾಡಿಗೆ ಕೇಳುತ್ತಿದ್ದರು. ಅವುಗಳಲ್ಲಿ ಬಹುಪಾಲು ಹಳೇ ಬಾಡಿಗೆದಾರರೇ ಇರುತ್ತಾರೆ. ಬೆಂಗಳೂರಿನಲ್ಲಿ ಹೊಸದಾಗಿ ಮನೆ ಹುಡುಕುವವನಿಗೆ ಬೀಳುವ ಹೊಡೆತವೇ ಬೇರೆ. ಅವನ ಬಾಡಿಗೆ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಇದಕ್ಕಿಂತ ವಿಚಿತ್ರವಾದದ್ದು 2017ರಲ್ಲಿ ಆಯಿತು. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ಏರಿತು. ಸರ್ಕಾರಿ ಕ್ವಾರ್ಟರ್ಸ್‌ನ ಬಾಡಿಗೆಯನ್ನು ಸೂಚ್ಯಂಕ ಆ ಭತ್ಯೆಯ ಮೇಲೆ ಅಳೆಯುತ್ತಿತ್ತು. ಹಾಗಾಗಿ ಕಾಗದದ ಮೇಲೆ ವಸತಿ ತುಟ್ಟಿಯಾಯಿತು. ನಿಜದಲ್ಲಿ ಯಾರ ಜೇಬಿನಿಂದಲೂ ಆ ಏರಿಕೆ ಹೋಗಿರಲಿಲ್ಲ. ರಿಸರ್ವ್ ಬ್ಯಾಂಕ್ ಅದನ್ನು ತೆಗೆದು ಬೇರೆ ಲೆಕ್ಕ ಹಾಕಿಕೊಳ್ಳಬೇಕಾಯಿತು.

ಹಾಲಿನ ವಿಷಯ ನಮ್ಮ ರಾಜ್ಯದ್ದೇ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಎಂಎಲ್ ಹಾಲು ಸೇರಿಸಿ 2 ರೂಪಾಯಿ ಜಾಸ್ತಿ ಮಾಡಿದರು. ನೀಲಿ ಪ್ಯಾಕೆಟ್ ಲೀಟರಿಗೆ 42 ಇದ್ದದ್ದು 1,050 ಎಂಎಲ್‌ಗೆ 44 ಆಯಿತು. ಸೂಚ್ಯಂಕದ ಲೆಕ್ಕದಲ್ಲಿ ಇದು ಬೆಲೆ ಏರಿಕೆಯೇ ಅಲ್ಲ. ಎಂಎಲ್ ಲೆಕ್ಕ ಹಾಕಿದರೆ ಒಂದು ಕೂದಲೆಳೆ ಅಗ್ಗವೇ. ಆದರೆ ಕಾಫಿಗೆ ಬೇಕಾದ ಹಾಲು ಮೊದಲಿನಷ್ಟೇ ತಾನೇ? ದಿನಕ್ಕೆ ಒಂದು ಪ್ಯಾಕೆಟ್ ತರುವ ಮನೆಗೆ ತಿಂಗಳಿಗೆ 60 ರೂಪಾಯಿ ಜಾಸ್ತಿ ಹೋಯಿತು. ಕೇಳದೇ ಕೊಟ್ಟ ಹಾಲಿಗೆ ದುಡ್ಡು ಕೊಟ್ಟ ಹಾಗೆ. 2025ರ ಏಪ್ರಿಲ್ 1ಕ್ಕೆ ಆ ಹೆಚ್ಚುವರಿ ಹಾಲು ವಾಪಸ್ ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಆ ಸಲ ಸೂಚ್ಯಂಕಕ್ಕೂ ಗೊತ್ತಾಯಿತು.

ತುಪ್ಪ ಇನ್ನೂ ಮಜಾ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಬಂತು. ನವೆಂಬರ್ ಮೊದಲ ವಾರ 700ಕ್ಕೆ ಹೋಯಿತು. ಅಕ್ಟೋಬರ್ ತಿಂಗಳ ಬೆಲೆ ಬರೆದುಕೊಂಡವರಿಗೆ ಸಿಕ್ಕಿದ್ದು 610. ಆ ಸಂಖ್ಯೆ ಪತ್ರಿಕೆಗೆ ಬಂದ ದಿನ ಅಂಗಡಿಯಲ್ಲಿ ಇದ್ದದ್ದು 700. ಹಣದುಬ್ಬರದ ಸುದ್ದಿ ಯಾವಾಗಲೂ ಹೀಗೆಯೇ, ಒಂದು ತಿಂಗಳು ತಡ. ಅದೇ ಜಿಎಸ್‌ಟಿ ಇಳಿಕೆಯಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟು ಶೇ 18ರಿಂದ ಶೇ 5ಕ್ಕೆ ಬಂದದ್ದೂ ನಿಜ. ಅದನ್ನು ಯಾರೂ ವಾಟ್ಸಾಪ್‌ನಲ್ಲಿ ಹಾಕಲಿಲ್ಲ ಬಿಡಿ. ಏರಿದ್ದು ನೆನಪಿರುತ್ತದೆ, ಇಳಿದದ್ದು ಮರೆತು ಹೋಗುತ್ತದೆ. ಚಿಕ್ಕಮ್ಮನ ಲೆಕ್ಕದಲ್ಲಿ ಇರುವ ಒಂದೇ ದೋಷ ಇದು.

ರಾಜ್ಯದಿಂದ ರಾಜ್ಯಕ್ಕೂ ಸಂಖ್ಯೆ ಬೇರೆ. ದೇಶಕ್ಕೆ 0.25 ಇದ್ದ ಅದೇ ಅಕ್ಟೋಬರ್‌ನಲ್ಲಿ ಕೇರಳದ ಹಣದುಬ್ಬರ ಶೇ 8.56. ಕರ್ನಾಟಕದ್ದು ಶೇ 2.34. ಕೇರಳದ ಅಡುಗೆಮನೆ ನಿಂತಿರುವುದು ತೆಂಗಿನೆಣ್ಣೆಯ ಮೇಲೆ, ಮದುವೆ ನಿಂತಿರುವುದು ಚಿನ್ನದ ಮೇಲೆ. ಆ ವರ್ಷ ಎರಡೂ ಆಕಾಶಕ್ಕೆ ಹೋಗಿದ್ದವು. ತಿಪಟೂರಿನ ಕೊಬ್ಬರಿ ದಾಖಲೆ ಬೆಲೆ ಕಂಡ ವರ್ಷ ಅದು. ಮಂಗಳೂರಿನ ಮನೆಯಲ್ಲಿ ಅಳು, ತಿಪಟೂರಿನ ತೋಟದಲ್ಲಿ ನಗು. ಚಿನ್ನದ ತೂಕ ಆಗಿನ ಬುಟ್ಟಿಯಲ್ಲಿ ಶೇ 1ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಒಂದು ವರ್ಷದಲ್ಲಿ ಶೇ 50ಕ್ಕೂ ಮೇಲೆ ಏರಿದ್ದರಿಂದ ಅದೊಂದೇ ಅರ್ಧ ಅಂಶಕ್ಕಿಂತ ಜಾಸ್ತಿ ಸೇರಿಸಿತು. ಚಿನ್ನ ತೆಗೆದರೆ ಇಡೀ ದೇಶದ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು.

ಇಲ್ಲಿ ಕೋಲಾರಕ್ಕೆ ಇನ್ನೊಮ್ಮೆ ಹೋಗಿ ಬರೋಣ. 2023ರ ಜುಲೈನಲ್ಲಿ ಬಾಕ್ಸಿಗೆ 2,000 ಕಂಡ ರೈತರು ಮುಂದಿನ ಬೆಳೆಗೆ ಟೊಮೆಟೊ ಮೇಲೆ ಮುಗಿಬಿದ್ದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಸೂಚ್ಯಂಕವೂ ಜುಲೈನ 186.3ರಿಂದ ಅಕ್ಟೋಬರ್‌ಗೆ 185.3ಕ್ಕೆ ಇಳಿಯಿತು. ಅದು ನಿಜವಾದ ಇಳಿಕೆ, ನೆರಳಿನ ಆಟ ಅಲ್ಲ. ಅದನ್ನು ಸರ್ಕಾರ ಸಮಾಧಾನದಿಂದ ನೋಡಿತು. 2012ರ ಸರಣಿಯಲ್ಲಿ ಹಳ್ಳಿಯ ಬುಟ್ಟಿಯಲ್ಲಿ ಆಹಾರದ ತೂಕ ಶೇ 54 ಇತ್ತು, ಪಟ್ಟಣದಲ್ಲಿ ಶೇ 36. ಹಾಗಾಗಿ ಆಹಾರ ಇಳಿದಾಗ ಹಳ್ಳಿಯ ಹಣದುಬ್ಬರ ಜಾಸ್ತಿ ಇಳಿಯುತ್ತದೆ. 2025ರ ಅಕ್ಟೋಬರ್‌ನ ಮೈನಸ್ 0.25 ಬಂದದ್ದು ಹೀಗೆ. ಹಳ್ಳಿಯವರಿಗೆ ಖರ್ಚು ಕಡಿಮೆಯಾಯಿತು ಅಂತ ಅದನ್ನು ಓದುತ್ತಾರೆ. ಆದರೆ ಆ ಆಹಾರವನ್ನು ಬೆಳೆದು ಮಾರುವವರೂ ಹಳ್ಳಿಯವರೇ. ಅವರ ಆದಾಯ ಎಷ್ಟು ಇಳಿಯಿತು ಅಂತ ಹೇಳುವ ಸಂಖ್ಯೆ 12ನೇ ತಾರೀಖಿನ ಸಂಜೆ ಬರುವುದಿಲ್ಲ.

ಇಷ್ಟೆಲ್ಲಾ ಗೋಜಲು ಇರುವ ಸಂಖ್ಯೆಯ ಮೇಲೆ ನಮ್ಮ ಮನೆ ಸಾಲದ ಕಂತು ನಿಂತಿದೆ ಅನ್ನುವುದನ್ನೂ ಹೇಳಬೇಕು. 2016ರಿಂದ ಕಾನೂನಿನ ಪ್ರಕಾರವೇ ರಿಸರ್ವ್ ಬ್ಯಾಂಕಿಗೆ ಒಂದು ಗುರಿ ಇದೆ: ಶೇ 4, ಆಚೀಚೆ 2. ಸತತ ಮೂರು ತ್ರೈಮಾಸಿಕ ಈ ಗೆರೆ ದಾಟಿದರೆ ಸರ್ಕಾರಕ್ಕೆ ಕಾರಣ ಬರೆದುಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡುವ ಪರಿಸ್ಥಿತಿ ಬಂದೇ ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ಸಂಖ್ಯೆ 7.79 ಮುಟ್ಟಿತ್ತು. ಎರಡು ವರ್ಷದ ನಂತರ ಆಗಿನ ಗವರ್ನರ್ ಶಕ್ತಿಕಾಂತ ದಾಸ್, ಹಣದುಬ್ಬರದ ಆನೆ ಕಾಡಿನ ಕಡೆಗೆ ನಡೆದಿದೆ ಅಂತ ಹೇಳಿದರು. ಕೊಡಗು, ಹಾಸನದವರನ್ನು ಕೇಳಿದ್ದರೆ ಹೇಳುತ್ತಿದ್ದರು, ಕಾಡಿಗೆ ಹೋದ ಆನೆ ತೋಟಕ್ಕೆ ವಾಪಸ್ ಬರುತ್ತದೆ ಅಂತ. ಅದೇ ವರ್ಷ ಅಕ್ಟೋಬರ್‌ಗೆ 6.21 ಆಗಿ ಬಂತು. 2025ರಲ್ಲಿ ಸಂಖ್ಯೆ ಇಳಿದ ಮೇಲೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 6.5ರಿಂದ ಹಂತಹಂತವಾಗಿ 5.25ಕ್ಕೆ ಬಂತು. ಇಲ್ಲಿ ನನ್ನದೊಂದು ತಕರಾರಿದೆ. ಬಡ್ಡಿ ಏರಿಸಿದರೆ ಕೋಲಾರದಲ್ಲಿ ಟೊಮೆಟೊ ಜಾಸ್ತಿ ಬೆಳೆಯುವುದಿಲ್ಲ. ಆಹಾರ ಬಿಟ್ಟು ಗುರಿ ಇಡೋಣ ಅನ್ನುವ ಮಾತನ್ನು 2024ರ ಆರ್ಥಿಕ ಸಮೀಕ್ಷೆ ಎತ್ತಿತ್ತು. ಆದರೆ ಊಟವನ್ನು ತೆಗೆದು ಬೆಲೆ ಏರಿಕೆ ಅಳೆದರೆ ಆ ಸಂಖ್ಯೆಯನ್ನು ಚಿಕ್ಕಮ್ಮನ ಮುಂದೆ ಇಡುವ ಧೈರ್ಯ ಯಾರಿಗಿದೆ?

ತುಟ್ಟಿಭತ್ಯೆ ಪಡೆಯುವವರಿಗೆ ಒಂದು ಮಾತು. ನಿಮ್ಮ ಭತ್ಯೆ ಈ ಸಂಖ್ಯೆಯ ಮೇಲೆ ನಿಂತಿಲ್ಲ. ಅದಕ್ಕೆ ಕಾರ್ಮಿಕ ಇಲಾಖೆಯವರು ಕೈಗಾರಿಕಾ ಕಾರ್ಮಿಕರಿಗಾಗಿ ಬೇರೆ ಸೂಚ್ಯಂಕ ಇಟ್ಟಿದ್ದಾರೆ, ಅದರ ಹನ್ನೆರಡು ತಿಂಗಳ ಸರಾಸರಿ ನೋಡುತ್ತಾರೆ. ಹಣದುಬ್ಬರ ಎರಡರ ಆಸುಪಾಸಿದ್ದ 2025ರ ಜುಲೈನಲ್ಲೂ ಕೇಂದ್ರ ನೌಕರರ ಭತ್ಯೆ 55ರಿಂದ 58ಕ್ಕೆ ಏರಿದ್ದನ್ನು ನೋಡಿ ಗೊಂದಲ ಬೇಡ.

ಈಗ ಬುಟ್ಟಿಯೇ ಬದಲಾಗಿದೆ. 2012ರ ಸರಣಿ 2025ರ ಡಿಸೆಂಬರ್‌ಗೆ ಮುಗಿಯಿತು. ಅದರ ಕೊನೆಯ ಸಂಖ್ಯೆ 1.33. 2026ರ ಫೆಬ್ರುವರಿ 12ರಿಂದ ಹೊಸ ಸರಣಿ ಬಂದಿದೆ. ಅದರಲ್ಲಿ 2024 ಮೂಲ ವರ್ಷ. ಟೇಪ್ ರೆಕಾರ್ಡರ್, ಕ್ಯಾಸೆಟ್ ಹೊರಗೆ ಹೋದವು. ಪೆನ್ ಡ್ರೈವ್, ಒಟಿಟಿ ಚಂದಾ ಒಳಗೆ ಬಂದವು. ನಾವೆಲ್ಲ ಕ್ಯಾಸೆಟ್ ಬಿಟ್ಟು ಇಪ್ಪತ್ತು ವರ್ಷವಾಯಿತು, ಸರ್ಕಾರದ ಬುಟ್ಟಿಯಲ್ಲಿ ಮೊನ್ನೆಮೊನ್ನೆವರೆಗೂ ಇತ್ತು! ಹಳ್ಳಿಯಲ್ಲೂ ಜನ ಬಾಡಿಗೆ ಕೊಡುತ್ತಾರೆ ಅನ್ನುವುದು ಈಗ ಲೆಕ್ಕಕ್ಕೆ ಬಂದಿದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಹಾರದ ತೂಕ. ಶೇ 45.86 ಇದ್ದದ್ದು ಶೇ 36.75ಕ್ಕೆ ಇಳಿದಿದೆ. 2023-24ರ ಮನೆ ಖರ್ಚಿನ ಸಮೀಕ್ಷೆಯಲ್ಲಿ ಜನರ ಖರ್ಚಿನಲ್ಲಿ ಊಟದ ಪಾಲು ಕಡಿಮೆಯಾಗಿರುವುದು ಕಂಡಿತ್ತು. ಅದರ ಮೇಲೆ ಈ ಹೊಸ ತೂಕ.

ಹೊಸ ಸರಣಿಯ ಮೊದಲ ಸಂಖ್ಯೆ, ಜನವರಿಯದು, 2.75. ಡಿಸೆಂಬರ್‌ನ 1.33ರ ಪಕ್ಕ ಇಟ್ಟು ಒಂದೇ ತಿಂಗಳಲ್ಲಿ ಎರಡು ಪಟ್ಟಾಯಿತು ಅಂತ ಕೆಲವರು ಬರೆದರು. ಹಳೇ ಸೇರಿನಲ್ಲಿ ಅಳೆದದ್ದನ್ನು ಕೆಜಿಯಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗೆ ಅದು. ಆಹಾರದ ತೂಕ ಕಡಿಮೆ ಆದ್ದರಿಂದ ಇನ್ನು ಮುಂದೆ ಟೊಮೆಟೊ, ಈರುಳ್ಳಿ ಸಂಖ್ಯೆಯನ್ನು ಮೊದಲಿನಷ್ಟು ಕುಣಿಸುವುದಿಲ್ಲ. ಮೇಲಕ್ಕೂ ಅಷ್ಟೇ, ಕೆಳಕ್ಕೂ ಅಷ್ಟೇ. ಆದರೆ ಬುಟ್ಟಿ ಬದಲಾದರೂ ನೆರಳು ಎಲ್ಲಿಗೂ ಹೋಗಿಲ್ಲ. ಈ ತಿಂಗಳನ್ನು ಹೋದ ವರ್ಷದ ಇದೇ ತಿಂಗಳ ಜೊತೆಗೇ ಹೋಲಿಸುವುದು.

ಈ ಸಲ ನೆರಳು ತಿರುಗಿ ಬೀಳುತ್ತದೆ. 2026ರ ಅಕ್ಟೋಬರ್ ಪಕ್ಕದಲ್ಲಿ ನಿಲ್ಲುವುದು 2025ರ ಅಕ್ಟೋಬರ್, ಅಂದರೆ ತರಕಾರಿ ನೆಲ ಕಚ್ಚಿದ್ದ ತಿಂಗಳು. ನಮ್ಮ ಕಾಗದದ ಲೆಕ್ಕದಲ್ಲಿ 142ರಿಂದ 103ಕ್ಕೆ ಬಂದಿತ್ತಲ್ಲ, ಅದು ಸುಮ್ನೆ 115ಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ತರಕಾರಿ ಶೇ 12ರಷ್ಟು ದುಬಾರಿ ಅಂತ ಸುದ್ದಿ ಬರುತ್ತದೆ. ಟಿವಿಯಲ್ಲಿ ಕೆಂಪು ಬಾಣ ಮೇಲಕ್ಕೆ ಹೋಗುತ್ತದೆ. 2024ರಲ್ಲಿ ಅದೇ ತರಕಾರಿಗೆ ನಾವು 142 ಕೊಟ್ಟಿದ್ದೆವು.